ಅವರ ಮುಶಿಬಾ, ನಮ್ಮ ಹುಳುಕು ಹಲ್ಲು

ಜಪಾನಿನ ಕವಾಸಾಕಿ ಊರಿಗೆ ಬಂದು ಎಂಟು ತಿಂಗಳಾಗಿತ್ತು. ನನ್ನ ಜಪಾನಿ ಭಾಷೆ ಅಂಗಡಿಯಲ್ಲಿ ‘ಚೀಲ ಬೇಡ’ ಅನ್ನುವಷ್ಟಕ್ಕೇ ನಿಂತಿತ್ತು. ಆಗ ಶುರುವಾಯಿತು ಕೆಳಗಿನ ದವಡೆ ಹಲ್ಲಿನ ನೋವು. ಊರಿಂದ ತಂದಿದ್ದ ಲವಂಗ ಕಚ್ಚಿಕೊಂಡು ಎರಡು ರಾತ್ರಿ ಕಳೆದೆ. ಮೂರನೇ ದಿನ ಆಗಲಿಲ್ಲ.

ಜಪಾನಿನಲ್ಲಿ ಮೂಲೆಮೂಲೆಗೂ ಇರುವ ಕನ್ವೀನಿಯನ್ಸ್ ಸ್ಟೋರ್‌ಗಿಂತ ಹಲ್ಲಿನ ಕ್ಲಿನಿಕ್‌ಗಳೇ ಜಾಸ್ತಿ. ಇಂಗ್ಲಿಷ್ ಬರುವ ಡಾಕ್ಟರನ್ನು ಹುಡುಕಿಕೊಂಡು ಟೋಕಿಯೊಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ, ಮನೆಯಿಂದ ನಾಲ್ಕು ನಿಮಿಷ ನಡೆದರೆ ಸಿಗುವ ಕ್ಲಿನಿಕ್ಕಿಗೇ ಹೋದೆ.

ಹಿಂದಿನ ರಾತ್ರಿ ಫೋನಿನಲ್ಲಿ ಉದ್ದುದ್ದ ವಾಕ್ಯ ಅನುವಾದ ಮಾಡಿಟ್ಟುಕೊಂಡಿದ್ದೆ. ಬಾಗಿಲಲ್ಲಿ ಕೊಟ್ಟ ಫಾರಂ ತುಂಬಲು ಅದು ಸಾಕಾಯಿತು, ಆಮೇಲೆಲ್ಲ ದಂಡ. ಬಾಯಿ ಕಳೆದು ಮಲಗಿ, ಮುಖದ ಮೇಲೆ ಟವೆಲ್ ಬಿದ್ದ ಮೇಲೆ ಫೋನು ನೋಡುವುದು ಹೇಗೆ? ಕೆಲಸಕ್ಕೆ ಬಂದದ್ದು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದ ಮೂರು ಪದ.

ಒಂದು, ಮುಶಿಬಾ. ಮುಶಿ ಅಂದರೆ ಹುಳ, ಬಾ (ಒಂಟಿಯಾಗಿದ್ದರೆ ಹಾ) ಅಂದರೆ ಹಲ್ಲು. ನಮ್ಮ ಹುಳುಕು ಹಲ್ಲೇ ಅಲ್ವಾ! ಇನ್ನೊಂದು ಶಿಮಿರು, ತಣ್ಣೀರು ತಾಗಿದರೆ ಜುಂ ಅನ್ನುತ್ತದಲ್ಲ, ಅದು. ಮೂರನೆಯದು ಜುಕಿಜುಕಿ, ಪಟಪಟ ಸಿಡಿಯುವ ನೋವು. ಡಾಕ್ಟರ್ ಏನೋ ಕೇಳಿದರು, ನಾನು ಜುಕಿಜುಕಿ ಅಂದು ಕೆನ್ನೆ ಪಕ್ಕದಲ್ಲಿ ಮುಷ್ಟಿ ಮುಚ್ಚಿ ಬಿಚ್ಚಿ ತೋರಿಸಿದೆ. ತಕ್ಷಣ ‘ಯೋರು?’ ಅಂದರು. ರಾತ್ರಿ ಹೊತ್ತಾ ಅಂತ. ನಮ್ಮ ಅಭ್ಯಾಸದಂತೆ ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದೆ. ಪಾಪ, ಹೌದೋ ಅಲ್ಲವೋ ತಿಳಿಯದೆ ನರ್ಸ್ ಮುಖ ನೋಡಿದರು. ‘ಹಾಯ್’ ಅಂದೆ, ಹೌದು ಅನ್ನೋದಕ್ಕೆ. ಅದೊಂದು ಮೊದಲೇ ಹೇಳಬಹುದಿತ್ತು.

ಎಕ್ಸ್‌ರೇ ತೋರಿಸಿ ‘ಸಿ3’ ಅಂದರು. ಹುಳುಕನ್ನು ಇಲ್ಲಿ ಸಿ1ರಿಂದ ಸಿ4ರವರೆಗೆ ಅಳೆಯುತ್ತಾರೆ. ಸಿ3 ಅಂದರೆ ನರಕ್ಕೆ ತಲುಪಿದೆ ಅಂತ. ರೂಟ್ ಕೆನಾಲೇ ಗತಿ. ನೋವಾದರೆ ಎಡಗೈ ಎತ್ತಿ ಅಂತ ಅಭಿನಯಿಸಿ ತೋರಿಸಿದರು. ಎತ್ತಿದೆ. ‘ಇನ್ನು ಸ್ವಲ್ಪ’ ಅಂತೇನೋ ಹೇಳಿ ಕೆಲಸ ಮುಂದುವರಿಸಿದರು!

ಒಂದೇ ಸಲಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ವಾರಕ್ಕೊಂದರಂತೆ ಆರು ಸಲ ಹೋದೆ. ವಿಮೆ ಇದ್ದದ್ದರಿಂದ ನನ್ನ ಪಾಲು ಶೇಕಡ 30 ಮಾತ್ರ, ಮೊದಲ ದಿನ 3,500 ಯೆನ್ ಆಸುಪಾಸು. ಕೊನೆಗೆ ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ವಿಷಯ. ಸೆರಾಮಿಕ್ಕಿಗೆ ವಿಮೆ ಇಲ್ಲ, ಬೆಳ್ಳಿ ಬಣ್ಣದ ಲೋಹದ್ದಕ್ಕೆ ಇದೆ. ಲೋಹದ್ದೇ ಸಾಕು ಅಂದೆ. ವಿಡಿಯೋ ಕಾಲಿನಲ್ಲಿ ಅಮ್ಮ ‘ಬಾಯಿ ಆ ಮಾಡು’ ಅಂತ ಎರಡು ಸಲ ನೋಡಿ, ‘ಬೆಳ್ಳಿನಾ? ಎಷ್ಟು ಗ್ರಾಂ?’ ಅಂತ ಕೇಳಿದಳು.