ಹಳೆ ಫ್ಲೈ ರೀಲಿಗೆ ಸ್ಕ್ರೂ ಸಿಗುವುದಿಲ್ಲ ಅಂದವರಿಗೆ

ಹಳೆ ಫ್ಲೈ ರೀಲಿನ (ನೊಣದಂಥ ಗಾಳ ಹಾಕಿ ಮೀನು ಹಿಡಿಯುವವರು ದಾರ ಸುತ್ತುವ ಚಕ್ರ) ಒಂದು ಸ್ಕ್ರೂ ಕಳೆದರೆ ಅದೇ ಮಾಡೆಲಿನ ಇನ್ನೊಂದು ಕೆಟ್ಟ ರೀಲು ಕೊಳ್ಳಬೇಕು, ಬೇರೆ ದಾರಿ ಇಲ್ಲ. ಹೀಗೆ ಹೇಳಿದವರು ನನಗಿಂತ ಜಾಸ್ತಿ ರೀಲು ಬಿಚ್ಚಿದವರು. ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಅಳೆದು ಹೊರಗಿನ ಸ್ಕ್ರೂ ತಂದು ಕೂರಿಸುತ್ತೇನೆ ಅಂದಾಗ ನಕ್ಕರು. ಈಗ ನನ್ನ ಹಾರ್ಡಿ ಕಂಪನಿಯ ಪರ್ಫೆಕ್ಟ್, ಸೇಂಟ್ ಜಾರ್ಜ್, ಯಂಗ್ ಕಂಪನಿಯ ಪ್ರೈಡೆಕ್ಸ್, ಒಂದಿಷ್ಟು ಫ್ಲೂಗರ್ ಮೆಡಲಿಸ್ಟ್ ಎಲ್ಲವೂ ಪೂರ್ತಿ ಸ್ಕ್ರೂ ಹಾಕಿಕೊಂಡು ತಿರುಗುತ್ತಿವೆ. ನಕ್ಕವರೇ ಈಗ ಸ್ಕ್ರೂ ಕೇಳಿಕೊಂಡು ಬರುತ್ತಾರೆ. ಬರಲಿ ಬಿಡಿ.

ಕೆಟ್ಟ ರೀಲಿನ ದಾರಿಯನ್ನೂ ನೋಡಿದ್ದೇನೆ. ಸೇಂಟ್ ಜಾರ್ಜಿನ ಲ್ಯಾಚಿಗೆ (ದಾರ ಸುತ್ತುವ ಸ್ಪೂಲನ್ನು ಹಿಡಿದಿಡುವ ಚಿಲಕ) ಒಂದೇ ಒಂದು ಸ್ಕ್ರೂ ಬೇಕಿತ್ತು. ಹಳೆಯದರಲ್ಲಿ ಲ್ಯಾಚಿಗೆ ಮೂರು ಸ್ಕ್ರೂ, ಆಮೇಲೆ ಬಂದಿದ್ದರಲ್ಲಿ ಎರಡು. ಮೂರು ಸ್ಕ್ರೂವಿನದಕ್ಕೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಹಾಗಾಗಿ ಕೆಟ್ಟು ಕೂತಿದ್ದಕ್ಕೂ ಒಳ್ಳೆ ರೀಲಿನ ಹೆಚ್ಚೂಕಡಿಮೆ ಅರ್ಧ ದುಡ್ಡು ಕೇಳುತ್ತಾರೆ. ಕೊಟ್ಟೆ. ಬಂದ ರೀಲಿನಲ್ಲಿ ನನಗೆ ಬೇಕಾದ ಸ್ಕ್ರೂವಿನ ಸೀಳೇ ಕಿತ್ತುಹೋಗಿತ್ತು. ಬಿಚ್ಚಲು ಹೋದರೆ ತಲೆ ಮುರಿದು ಕೈಗೆ ಬಂತು. ಸ್ಪೂಲ್ ಮಾತ್ರ ಬೇರೆ ಮಾರಿ ಮುಕ್ಕಾಲು ಪಾಲು ದುಡ್ಡು ಎತ್ತಿದೆ, ಉಳಿದದ್ದು ನಷ್ಟ.

ಇನ್ನೊಂದು ಸಲ 'ಹಳೆ ಇಂಗ್ಲಿಷ್ ರೀಲಿಗೆ ಸರಿಹೊಂದುವ ಸೆಟ್' ಅಂತ ಒಬ್ಬರು ಮಾರುತ್ತಿದ್ದುದನ್ನು ತರಿಸಿದೆ. ಸ್ಕ್ರೂಗಿಂತ ಅಂಚೆ ಖರ್ಚೇ ಜಾಸ್ತಿ. ಕ್ಯಾಲಿಪರ್ ಹಿಡಿದರೆ ಎಲ್ಲವೂ ಮಾಮೂಲಿ ಎಂ2.5, ಅಂದರೆ 2.5 ಮಿ.ಮೀ. ಮೆಟ್ರಿಕ್ ಸ್ಕ್ರೂ. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಜೋರು ಮಾಡಿದರೆ ಅಲ್ಯೂಮಿನಿಯಂ ಥ್ರೆಡ್ ಪುಡಿಯಾಗಿ ಹೊರಗೆ ಬರುತ್ತದೆ. ಕಾರಣ ಇಷ್ಟೇ: ರೀಲಿನ ತೂತು ಬಿಎ, ಅಂದರೆ ಬ್ರಿಟಿಷ್ ಅಸೋಸಿಯೇಷನ್ ಅನ್ನುವ ಹಳೆ ಥ್ರೆಡ್ ಅಳತೆ, ನಂಬರ್ ಏರಿದಷ್ಟೂ ಸ್ಕ್ರೂ ಸಣ್ಣ. 7 ಬಿಎ ಸ್ಕ್ರೂವಿನ ವ್ಯಾಸವೂ 2.5 ಮಿ.ಮೀ., ಆದರೆ ಪಿಚ್ (ಥ್ರೆಡ್ಡಿನ ಒಂದು ಗೆರೆಯಿಂದ ಪಕ್ಕದ ಗೆರೆಗೆ ಇರುವ ದೂರ) 0.48. ಎಂ2.5ರದ್ದು 0.45. ಥ್ರೆಡ್ಡಿನ ಕೋನವೂ ಬೇರೆ, ಬಿಎಗೆ 47.5 ಡಿಗ್ರಿ, ಮೆಟ್ರಿಕ್‌ಗೆ 60.

ಅಲ್ಲಿಂದ ರೀಲಿನ ಹೆಸರು ಹಾಕಿ ಹುಡುಕುವುದನ್ನೇ ಬಿಟ್ಟೆ. ಥ್ರೆಡ್ ನಂಬರ್ ಹಾಕಿ ಹುಡುಕಲು ಶುರು ಮಾಡಿದೆ. ನನ್ನ ಮೇಜಿಗೆ ಬಂದ ಇಂಗ್ಲಿಷ್ ರೀಲುಗಳಲ್ಲಿ ಹೆಚ್ಚಿನವು ಬಿಎ, ಅದರಲ್ಲೂ 4ರಿಂದ 10ರ ಒಳಗೆ. ಬಿಎ ಏನು ರೀಲಿಗಂತಲೇ ಹುಟ್ಟಿದ್ದಲ್ಲ. ಹಳೆ ಬ್ರಿಟಿಷ್ ಮೀಟರು, ಟೆಲಿಫೋನು, ರೇಡಿಯೋ, ಸ್ವಿಚ್‌ಗೇರ್ ತುಂಬ ಅದೇ ಸ್ಕ್ರೂ. ಮಾಡೆಲ್ ಇಂಜಿನ್ ಮಾಡುವವರಿಗೆ ಅಂತ ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಒಂದು ಕೆಟ್ಟ ರೀಲಿನ ದುಡ್ಡಿಗೆ ಡಬ್ಬಿಗಟ್ಟಲೆ ಬರುತ್ತದೆ. ಹಿತ್ತಾಳೆ ತಲೆಯ ಹಳೆ ಸ್ಕ್ರೂಗಳು ಒಂದು ಬಗೆಯ ಉಪಕರಣದಲ್ಲಿ ರೀಲಿನ ಅಳತೆಗೇ ಸಿಗುತ್ತವೆ. ಅದು ಯಾವುದು ಅಂತ ಹೇಳಲ್ಲ. ಹೇಳಿದರೆ ನಾಳೆಯೇ ರೇಟು ಏರುತ್ತದೆ.

ಸ್ಕ್ರೂ ಇದ್ದರೆ ಅಳೆಯುವುದು ಸುಲಭ. ಅದು ಕಳೆದು ಬರೀ ತೂತು ಉಳಿದಾಗಲೇ ತಲೆಬಿಸಿ. ಮೆತ್ತನೆ ಕಡ್ಡಿಯೊಂದನ್ನು, ಬೆಂಕಿಕಡ್ಡಿಯೂ ಆದೀತು, ತೂತಿಗಿಂತ ಕೂದಲಷ್ಟು ದಪ್ಪ ಇರುವಂತೆ ಕೆತ್ತಿ ನಿಧಾನಕ್ಕೆ ತಿರುಗಿಸಿ ಒಳಗೆ ಬಿಡಿ. ಹಾಗೇ ತಿರುಗಿಸಿ ಹೊರಗೆ ತೆಗೆಯಿರಿ. ಥ್ರೆಡ್ಡಿನ ಅಚ್ಚು ಬಿದ್ದಿರುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಹತ್ತಿರದಿಂದ ಫೋಟೋ ತೆಗೆದು ಗೆರೆ ಎಣಿಸಿದರೆ ಪಿಚ್ ಸಿಗುತ್ತದೆ. ಪಿಚ್ ಗೇಜ್ ಇಂಥ ಪುಟ್ಟ ತೂತಿಗೆ ಬರೀ ಅಲಂಕಾರ.

ಇದರಲ್ಲೇ ಒಂದು ಮಜಾ ಸಿಕ್ಕಿತು. ಅಮೆರಿಕದ 4-48 (4 ನಂಬರಿನ, ಇಂಚಿಗೆ 48 ಥ್ರೆಡ್ಡಿನ) ಸ್ಕ್ರೂವಿನ ವ್ಯಾಸ 2.84 ಮಿ.ಮೀ., ಪಿಚ್ 0.529. 6 ಬಿಎ ವ್ಯಾಸ 2.8, ಪಿಚ್ 0.53. ಕೋನ ಬಿಟ್ಟರೆ ಹೆಚ್ಚೂಕಡಿಮೆ ಅವಳಿ. ಕಾಲುಪಟ್ಟಿಯ (ರೀಲನ್ನು ಗಾಳದ ಕೋಲಿಗೆ ಕೂರಿಸುವ ಪಟ್ಟಿ) ಗಿಡ್ಡ ತೂತಿಗೆ ಒಂದರ ಬದಲು ಇನ್ನೊಂದು ಸ್ವಲ್ಪ ಬಿಗಿಯಾಗಿ ಕೂರುತ್ತದೆ, ಹೊಳೆಗೆ ಹೋಗುವ ರೀಲಿಗೆ ಸಾಕು. 2-56 ಮತ್ತು 8 ಬಿಎ ಕೂಡ ಹತ್ತಿರದವು ಅನ್ನುತ್ತಾರೆ. ವ್ಯಾಸ ಹತ್ತಿರ ನಿಜ, ಪಿಚ್ ಮಾತ್ರ 0.45 ಮತ್ತು 0.43. ಆ ಜೋಡಿಯನ್ನು ನಾನು ಹಾಕಲ್ಲ.

ಹೊಸ ಬಿಎ ಸ್ಕ್ರೂ ತಂದರೂ ಕಣ್ಣಿಗೆ ಹೊಡೆಯುತ್ತದೆ. ತಲೆ ದೊಡ್ಡದು, ಸೀಳು ಅಗಲ. ಹಳೆ ಹಾರ್ಡಿ ಸ್ಕ್ರೂವಿನ ಸೀಳು ಎಷ್ಟು ಸಣ್ಣ ಅಂತ ಬಿಚ್ಚಿದವರಿಗೆ ಗೊತ್ತು. ಅಗಲ ಸೀಳನ್ನು ಕಿರಿದು ಮಾಡಲು ಬೆಸುಗೆ ತುಂಬಿ ನೋಡಿದೆ, ಕೆಟ್ಟದಾಗಿ ಕಂಡಿತು. ಕೊನೆಗೆ ಸೀಳೇ ಇಲ್ಲದ ಸ್ಕ್ರೂ ತಂದೆ, ಅಂದರೆ ಆರು ಮೂಲೆಯ ತಲೆಯ ಬಿಎ ಬೋಲ್ಟು. ಲೇತಿನಲ್ಲಿ ತಲೆಯನ್ನು ದುಂಡಗೆ ಕಡೆದು, ಹಳೆ ಸ್ಕ್ರೂವಿನಷ್ಟೇ ಎತ್ತರಕ್ಕೆ ಇಳಿಸಿ, ಅಕ್ಕಸಾಲಿಗರ ಗರಗಸದ ತೆಳು ಬ್ಲೇಡಿನಲ್ಲಿ ಸೀಳು ಹಾಕುವುದು. ಲೇತ್ ಇಲ್ಲದಿದ್ದರೆ ಡ್ರಿಲ್ಲಿಗೆ ಕಚ್ಚಿಸಿ ಅರ ಹಿಡಿದರೂ ಆಗುತ್ತದೆ, ತಾಳ್ಮೆ ಬೇಕು. ಆಮೇಲೆ ಹೊಸ ಹೊಳಪು ತೆಗೆದು ಹಳೆ ಬಣ್ಣ ಬರಿಸುವ ಕೆಲಸವೊಂದಿದೆ. ಅದು ನನ್ನ ಹತ್ತಿರವೇ ಇರಲಿ.

ಥ್ರೆಡ್ ಪೂರ್ತಿ ಹೋದ ತೂತಿಗೆ ಒಂದು ಸೈಜ್ ಮೇಲಕ್ಕೆ ಹೋಗಿ ಅನ್ನುತ್ತಾರೆ. 8 ಬಿಎ ಹೋಗಿದ್ದರೆ 7 ಸಾಲುವುದಿಲ್ಲ. ತೂತು ಆಗಲೇ 2.2 ಮಿ.ಮೀ. ಹತ್ತಿರ ಆಗಿರುತ್ತದೆ, 7ಕ್ಕೆ ಹಿಡಿತ ಅರ್ಧವೇ ಸಿಗುತ್ತದೆ. ನೇರ 6ಕ್ಕೆ ಹೋಗಿ, ಟ್ಯಾಪ್ ಮಾಡಿ (ತೂತಿನೊಳಗೆ ಹೊಸ ಥ್ರೆಡ್ ಕೊರೆದು), ತಲೆಯನ್ನು 8ರ ಅಳತೆಗೆ ಕಡೆಯಿರಿ. ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ. ಆದರೆ ಮಾರುವ ರೀಲಿಗೆ ಹೀಗೆ ಮಾಡಿದರೆ ಕೊಳ್ಳುವವರಿಗೆ ಹೇಳಲೇಬೇಕು, ಅಲ್ವಾ.

ಮುರಿದು ಒಳಗೇ ಉಳಿದ ಸ್ಟೀಲ್ ತುಂಡಿಗೆ ಗಡಿಯಾರ ರಿಪೇರಿಯವರ ಮದ್ದು ಪಟಿಕ. ಬಿಸಿ ನೀರಿನಲ್ಲಿ ಗಾಢವಾಗಿ ಕರಗಿಸಿ, ಬಿಸಿ ಆರದಂತೆ ಮುಳುಗಿಸಿಟ್ಟರೆ ಸ್ಟೀಲ್ ಕರಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಪೂರ್ತಿ ಹಿತ್ತಾಳೆಯ ರೀಲಿಗೆ ಚೆನ್ನಾಗಿ ಕೆಲಸ ಮಾಡಿತು. ಬಣ್ಣ ಉಳಿದಿರುವ ಅಲ್ಯೂಮಿನಿಯಂ ಚೌಕಟ್ಟನ್ನು ಮಾತ್ರ ಅದರಲ್ಲಿ ಹಾಕಬೇಡಿ. ಅಲ್ಲಿ ಎಣ್ಣೆ ಬಿಟ್ಟು, ಸ್ವಲ್ಪ ಬಿಸಿ ಮಾಡಿ, ದಿನಗಟ್ಟಲೆ ಕಾಯುವುದೇ ವಾಸಿ.

ಸ್ಕ್ರೂ ದಾರಿಗೆ ಬಂದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಚೆಕ್ಕಿನ (ದಾರ ಸುಮ್ಮನೆ ಬಿಚ್ಚದಂತೆ ಟಿಕ್ ಟಿಕ್ ಅಂತ ತಡೆಯುವ ಭಾಗ) ಪಾಲ್, ಅಂದರೆ ಗೇರಿನ ಹಲ್ಲಿಗೆ ತಾಗುವ ಪುಟ್ಟ ನಾಲಗೆ, ಮತ್ತು ಅದರ ಸ್ಪ್ರಿಂಗಿಗೂ ಕೈ ಹಾಕಿದೆ. ಹಳೆ ಗಡಿಯಾರದ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಬಗ್ಗಿಸಿ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆ. ಮೊದಮೊದಲು ಎಲ್ಲ ಟಪ್ ಅಂತ ಮುರಿದವು. ಅದ್ದಿದ ಮೇಲೆ ಉಜ್ಜಿ ಬೆಳ್ಳಗೆ ಮಾಡಿ, ನೀಲಿ ಬಣ್ಣ ಬರುವ ತನಕ, ಅಂದಾಜು 300 ಡಿಗ್ರಿಗೆ, ನಿಧಾನಕ್ಕೆ ಕಾಯಿಸಿದ್ದು ನಿಂತಿತು. ಪಾಲ್ ಮಾತ್ರ ಗೇರಿಗಿಂತ ಮೆದು ಇರಲಿ. ಸವೆದರೆ ಪಾಲ್ ಸವೆಯಬೇಕು, ಗೇರ್ ಮಾಡುವುದು ಯಾರಿಗೆ ಬೇಕು. ಪ್ಲಾಸ್ಟಿಕ್ಕಿನಲ್ಲೂ ಒಂದು ಪಾಲ್ ಕಡೆದೆ. ಸದ್ದು ಸತ್ತೇಹೋಯಿತು, ರೀಲಿಗೆ ನೆಗಡಿ ಬಂದ ಹಾಗೆ. ತೆಗೆದು ಹಾಕಿದೆ.

ಹಾರ್ಡಿಯ ಮಾರ್ಕ್ವಿಸ್ ಮಾಡೆಲ್ ಇದ್ದವರಿಗೆ ಇಷ್ಟು ಕಷ್ಟ ಬೇಡ. ಸೈಂಟಿಫಿಕ್ ಆಂಗ್ಲರ್ಸ್ ಅನ್ನುವ ಅಮೆರಿಕದ ಕಂಪನಿಯ ಹೆಸರಿನಲ್ಲಿ ಬಂದ ಹಳೆ ಸಿಸ್ಟಮ್ ರೀಲುಗಳನ್ನು ಮಾಡಿಕೊಟ್ಟಿದ್ದೂ ಹಾರ್ಡಿಯೇ. ಅದೇ ಮನೆತನದ್ದಾದರೂ ಹಾರ್ಡಿ ಅಂತ ಬರೆದಿಲ್ಲವಾದ್ದರಿಂದ ಕಡಿಮೆಗೆ ಸಿಗುತ್ತವೆ. ಪಾಲ್, ಸ್ಪ್ರಿಂಗ್‌ಗೆ ಮೊದಲು ಅಲ್ಲಿ ನೋಡಿ. ಕೆಟ್ಟ ರೀಲು ಕೊಂಡು ನನಗೆ ದುಡ್ಡು ಉಳಿದಿದ್ದು ಅದೊಂದು ಕಡೆ ಮಾತ್ರ.

ಕೂರಿಸುವಾಗ ಅಲ್ಯೂಮಿನಿಯಂ ತೂತಿಗೆ ಹೋಗುವ ಸ್ಟೀಲ್ ಸ್ಕ್ರೂಗೆ ತೆಳ್ಳಗೆ ಗ್ರೀಸ್ ಸವರಿ. ಗ್ರೀಸಿಲ್ಲದೆ ಬಿಗಿದರೆ ಮುಂದಿನ ಸಲ ಬಿಚ್ಚುವವರು ಸ್ಕ್ರೂವಿನ ತಲೆ ಮುರಿಯುತ್ತಾರೆ. ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಬೇಕೇ ಬೇಕಿದ್ದರೆ ಅತಿ ಕಡಿಮೆ ಹಿಡಿತದ್ದು, ಅದೂ ಕಾಲುಪಟ್ಟಿಗೆ ಮಾತ್ರ. ಲ್ಯಾಚಿನ ಸ್ಕ್ರೂಗೆ ಹಾಕಿದರೆ ಹರಿದು ಲ್ಯಾಚಿನ ಅಡಿಗೆ ಹೋಗಿ, ಸ್ಪೂಲ್ ಬಿಡಿಸಲು ಒದ್ದಾಡಬೇಕಾಗುತ್ತದೆ.