ಬಾನೆಟ್‌ಗೆ ಪಿಪಿಎಫ್: ಧೂಳು, ಬಿಸಿಲು, ಬೋರ್ ನೀರಿನ ಊರಲ್ಲಿ ಅಂಟಿಸುವ ಬಗೆ

ಸಂಡೂರಿನಿಂದ ತೋರಣಗಲ್ಲಿನ ಕಡೆಗೆ ಅದಿರು ಲಾರಿಗಳ ಹಿಂದೆ ದಿನಾ ಓಡಾಡುವ ಕಾರಿನ ಬಾನೆಟ್ ಅಂಚನ್ನು ಹತ್ತಿರದಿಂದ ನೋಡಿ. ಸಾಸಿವೆ ಕಾಳಿನಷ್ಟಗಲ ಅಲ್ಲಲ್ಲಿ ಬಣ್ಣ ಹಾರಿ ಒಳಗಿನ ಪ್ರೈಮರ್ ಕಾಣುತ್ತಿರುತ್ತದೆ. ಹೊಲದ ದಾರಿಗೆ ಇಳಿಯುವ ಕಾರಾದರೆ ಬಾಗಿಲ ಮೇಲೆ ಬಳ್ಳಾರಿ ಜಾಲಿ ಗೀಚಿದ ಉದ್ದುದ್ದ ಗೆರೆಗಳೂ ಇರುತ್ತವೆ. ಇವೆರಡನ್ನೂ ತಡೆಯಬಲ್ಲದ್ದು ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ, ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂಗಡಿಯವರ ಮಾತಿನಲ್ಲಿ ಪಿಪಿಎಫ್. ಆದರೆ ಫಿಲ್ಮ್ ಎಷ್ಟೇ ದುಬಾರಿಯದಾಗಿರಲಿ, ನಮ್ಮ ಕಡೆ ಅದು ಕೆಡುವುದು ಮೂರು ಕಾರಣಕ್ಕೆ: ಕೆಳಗೆ ಸಿಕ್ಕಿಕೊಂಡ ಧೂಳು, ಕಾದ ತಗಡು, ಗಡಸು ನೀರು. ಈ ಮೂರನ್ನು ಮೊದಲೇ ನೋಡಿಕೊಂಡರೆ ಅಂಟಿಸುವ ಕೆಲಸ ಅರ್ಧ ಮುಗಿದಂತೆ.

ಯಾವ ಫಿಲ್ಮ್, ಎಲ್ಲೆಲ್ಲಿಗೆ

ಕೊಳ್ಳುವಾಗ ಟಿಪಿಯು ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಫಿಲ್ಮನ್ನೇ ಕೇಳಿ. ಅಗ್ಗಕ್ಕೆ ಸಿಗುವ ಪಿವಿಸಿ ಫಿಲ್ಮ್ ರಾಯಚೂರಿನ ಬಿಸಿಲಿಗೆ ಬೇಗ ಹಳದಿಯಾಗುತ್ತದೆ, ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಒಂದು ತುಂಡನ್ನು ಎಳೆದು ಬಿಟ್ಟು ನೋಡಿ. ಟಿಪಿಯು ರಬ್ಬರಿನಂತೆ ಹಿಂದಕ್ಕೆ ಬರುತ್ತದೆ, ಪಿವಿಸಿ ಎಳೆದಷ್ಟು ಉದ್ದಕ್ಕೇ ಉಳಿದುಬಿಡುತ್ತದೆ. ಒಳ್ಳೆಯ ಫಿಲ್ಮಿನ ಮೇಲ್ಪದರವನ್ನು ಹಿತ್ತಾಳೆ ಬ್ರಷ್‌ನಿಂದ ಹಗುರವಾಗಿ ಗೀಚಿ ಬಿಸಿನೀರು ಹಾಕಿದರೆ ಗೆರೆ ತಾನಾಗಿ ಮಾಯವಾಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಇದನ್ನು ಮಾಡಿಸಿ ನೋಡಿ. ಅಂದಹಾಗೆ, ಹೀಗೆ ಮಾಯವಾಗುವುದು ಮೇಲಿನ ಸಣ್ಣ ಗೆರೆ ಮಾತ್ರ. ಫಿಲ್ಮನ್ನೇ ಸೀಳಿದ ಗಾಯ ಕೂಡುವುದಿಲ್ಲ.

ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕಾರಿನ ಕಂಪನಿ ಬಣ್ಣದ ಎಲ್ಲ ಪದರ ಸೇರಿದರೂ ಹೆಚ್ಚುಕಡಿಮೆ 100ರಿಂದ 140 ಮೈಕ್ರಾನ್ ಅಷ್ಟೆ, ಅದರಲ್ಲಿ ಹೊಳಪು ಕೊಡುವ ಕ್ಲಿಯರ್ ಕೋಟ್ 40-50. ಫಿಲ್ಮ್ ಕಲ್ಲಿನ ಪೆಟ್ಟನ್ನು ನುಂಗಬಲ್ಲುದು ಈ ದಪ್ಪ ಮತ್ತು ಮೆತುವಿನಿಂದ. ಬಣ್ಣದ ಮೇಲೆ ದ್ರವವಾಗಿ ಹಚ್ಚುವ ಸೆರಾಮಿಕ್ ಕೋಟಿಂಗ್ ಪದರ ಒಂದೆರಡು ಮೈಕ್ರಾನ್ ಇದ್ದರೆ ಹೆಚ್ಚು. ಅದು ತೊಳೆಯಲು ಅನುಕೂಲ, ಕಲ್ಲನ್ನು ತಡೆಯುವುದಿಲ್ಲ. ಎರಡನ್ನೂ ಒಂದೇ ಎಂಬಂತೆ ಮಾರುವವರ ಮಾತಿಗೆ ಹಣ ಕೊಡಬೇಡಿ.

ಇಡೀ ಕಾರಿಗೆ ಹಾಕಿಸುವ ಅಗತ್ಯ ಬಹಳ ಜನರಿಗಿಲ್ಲ. ಪೆಟ್ಟು ಬೀಳುವ ಜಾಗ ಗೊತ್ತಿರುವವೇ: ಬಾನೆಟ್, ಮುಂದಿನ ಬಂಪರ್, ಕನ್ನಡಿಗಳ ಬೆನ್ನು, ಬಾಗಿಲ ಕೆಳಭಾಗ, ಹಿಂದಿನ ಚಕ್ರದ ಮುಂದಿನ ಮೂಲೆ, ಹಿಡಿಕೆಯ ಹಿಂದೆ ಉಗುರು ತಾಗುವ ಗುಳಿ, ಡಿಕ್ಕಿಗೆ ಸಾಮಾನು ಎಳೆದು ಹಾಕುವಾಗ ಉಜ್ಜುವ ಬಂಪರಿನ ತಲೆ. ಸ್ವತಃ ಅಂಟಿಸುವವರು ಹಿಡಿಕೆಯ ಗುಳಿ, ಡಿಕ್ಕಿಯ ಅಂಚಿನಿಂದ ಶುರುಮಾಡಿ ಕೈ ಕೂರಿಸಿಕೊಳ್ಳಲಿ, ಆಮೇಲೆ ಇಬ್ಬರು ಸೇರಿ ಬಾನೆಟ್‌ಗೆ ಬರಲಿ. ಬಂಪರನ್ನು ಮಾತ್ರ ಪಳಗಿದವರಿಗೇ ಬಿಡುವುದು ಒಳ್ಳೆಯದು. ಅಲ್ಲಿ ಎಲ್ಲ ಕಡೆಗೂ ಬಾಗು, ನಡುವೆ ಪಾರ್ಕಿಂಗ್ ಸೆನ್ಸರ್. ಸೆನ್ಸರಿನ ಮುಖದ ಮೇಲೆ ಫಿಲ್ಮ್ ಬಂದರೆ ಅದು ತಪ್ಪು ಎಚ್ಚರಿಕೆ ಕೊಡಬಹುದು.

ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ತಗಡಾದರೆ ಕನಿಷ್ಠ 30 ದಿನ ಕಾಯಿರಿ. ಹೊಸ ಬಣ್ಣದಿಂದ ದ್ರಾವಕ ಹೊರಗೆ ಹೋಗುತ್ತಲೇ ಇರುತ್ತದೆ. ಅದನ್ನು ಮುಚ್ಚಿದರೆ ಗುಳ್ಳೆ ಏಳುತ್ತದೆ. ತಳ ಸರಿಯಾಗಿ ಕೂರದ ಮರುಬಣ್ಣವಿದ್ದರೆ ಮುಂದೆ ಫಿಲ್ಮ್ ಕೀಳುವಾಗ ಬಣ್ಣವೂ ಜೊತೆಗೆ ಬರುತ್ತದೆ. ಕಂಪನಿಯಿಂದ ಬಂದ ಬಣ್ಣ ಒಲೆಯಲ್ಲಿ ಬೆಂದು ಬರುವುದರಿಂದ ಹೊಸ ಕಾರಿಗೆ ತಕ್ಷಣ ಹಾಕಬಹುದು.

ತೊಳೆಯುವುದು

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್. ಗಡಸುತನದ ಮೋಸ್ ಅಳತೆಯಲ್ಲಿ ಅದು 5ರಿಂದ 6ರ ಸುಮಾರು, ಮರಳಿನ ಕ್ವಾರ್ಟ್ಜ್ 7. ಕಾರಿನ ಕ್ಲಿಯರ್ ಕೋಟ್ ಇವೆರಡಕ್ಕಿಂತ ಬಹಳ ಮೆದು. ಕೆಂಧೂಳು ಕೂತ ಬಾನೆಟ್ ಮೇಲೆ ಒಣಬಟ್ಟೆ ಎಳೆದರೆ ಉಪ್ಪುಕಾಗದ ಎಳೆದಂತೆಯೇ. ಮೊದಲು ಕೈ ಮುಟ್ಟಿಸದೆ ನೀರು ಹಾಯಿಸಿ ಧೂಳು ಇಳಿಸಿ. ಕಾರ್ ಶಾಂಪೂ ನೊರೆ ಹಾಕಿ ಐದು ನಿಮಿಷ ನೆನೆಯಲು ಬಿಟ್ಟು ಮತ್ತೆ ಇಳಿಸಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಾಡಲು.

ಇಷ್ಟಾದ ಮೇಲೂ ಅಂಗೈ ಸವರಿದರೆ ತರಿತರಿ ಅನ್ನಿಸುತ್ತದೆ. ಅದು ಒಳಕ್ಕೆ ಕೂತ ಬ್ರೇಕ್ ಪುಡಿ, ಕಬ್ಬಿಣದ ಕಣ, ಟಾರ್. ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣ ಇದ್ದ ಕಡೆ ನೇರಳೆ ಬಣ್ಣ ಹರಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರನ್ನು, ಅಂದರೆ ಅಂಟಿದ ಕಣಗಳನ್ನು ಕಿತ್ತುಕೊಳ್ಳುವ ಜೇಡಿಯಂಥ ಮುದ್ದೆಯನ್ನು, ನೊರೆ ಹಚ್ಚಿ ಒತ್ತಡವಿಲ್ಲದೆ ಆಡಿಸಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ, ಒರೆಸಿ ಬಳಸಬೇಡಿ. ಬಾನೆಟ್ ಎತ್ತಿ ಅಂಚಿನ ಒಳಮಡಿಕೆಯನ್ನೂ ಒರೆಸಿ. ಮುಂದೆ ಫಿಲ್ಮ್ ಎದ್ದೇಳುವುದು ಅಲ್ಲಿಂದಲೇ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಒರೆಸಿ ಮೇಣ, ಪಾಲಿಶ್ ಎಣ್ಣೆ ತೆಗೆಯಿರಿ.

ಜಾಗ, ಹೊತ್ತು, ಎರಡು ಬಾಟಲಿ

ತಗಡು 20ರಿಂದ 30 ಡಿಗ್ರಿ ಇದ್ದಾಗ ಅಂಟು ಹೇಳಿದಂತೆ ಕೇಳುತ್ತದೆ. ಏಪ್ರಿಲ್, ಮೇನಲ್ಲಿ ಇಲ್ಲಿಯ ಗಾಳಿಯೇ 40 ದಾಟುತ್ತದೆ, ಬಿಸಿಲಿಗೆ ನಿಂತ ಬಾನೆಟ್ ಮೇಲೆ ಅಂಗೈ ಇಡಲಾಗುವುದಿಲ್ಲ. ಅಂಥ ತಗಡಿನ ಮೇಲೆ ನೀರು ಕ್ಷಣದಲ್ಲಿ ಆರಿ ಅಂಟು ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಬೇಸಿಗೆಯಲ್ಲೇ ಮಾಡಬೇಕಿದ್ದರೆ ಹಿಂದಿನ ರಾತ್ರಿಯೇ ಕಾರನ್ನು ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಿ, ಬೆಳಗಿನ ಆರಕ್ಕೆ ಶುರುಮಾಡಿ ಬಿಸಿಲೇರುವ ಮುಂಚೆ ಮುಗಿಸಿ. ನೆಲಕ್ಕೆ ನೀರು ಚಿಮುಕಿಸಿ. ಫ್ಯಾನ್ ಬೇಡ. ಹೊಸ ಟವೆಲ್, ಹತ್ತಿಯ ಎಳೆ ಬಿಡುವ ಅಂಗಿಯೂ ಬೇಡ.

ಅಂಟಿಸುವಾಗ ಸಿಂಪಡಿಸುವ ದ್ರಾವಣಕ್ಕೆ ಬೋರ್ ನೀರು ಬೇಡವೇ ಬೇಡ. ಅದರ ಉಪ್ಪು ಫಿಲ್ಮಿನ ಕೆಳಗೆ ಒಣಗಿ ಬಿಳಿ ಮಂಕಾಗಿ ನಿಲ್ಲುತ್ತದೆ, ಅಲ್ಲಿಂದ ಮತ್ತೆ ತೆಗೆಯಲಾಗದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಸಾಕು. ಮೊದಲ ಬಾಟಲಿ ಜಾರಿಸಲು: 1 ಲೀಟರ್ ನೀರಿಗೆ ಸುಮಾರು 2 ಮಿ.ಲೀ. ಬೇಬಿ ಶಾಂಪೂ, ಕಂಡಿಷನರ್ ಇಲ್ಲದ್ದು. ಎರಡನೆಯದು ಕಚ್ಚಿಸಲು: 800 ಮಿ.ಲೀ. ನೀರು, 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್. ಇದು ಬೆಂಕಿ ಹಿಡಿಯುವ ವಸ್ತು, ಫಿಲ್ಮ್ ಬಿಸಿ ಮಾಡಲು ಬಳಸುವ ಬಿಸಿಗಾಳಿ ಯಂತ್ರದ (ಹೀಟ್ ಗನ್) ಹತ್ತಿರ ಸಿಂಪಡಿಸಬಾರದು.

ಅಂಟಿಸುವುದು

ರೋಲಿನ ಅಗಲ ಸಾಮಾನ್ಯವಾಗಿ 1.52 ಮೀಟರ್, ಸಣ್ಣ ಕಾರಿನ ಬಾನೆಟ್‌ಗೆ ಒಂದೇ ತುಂಡು ಸಾಲುತ್ತದೆ. ಅಳತೆಗಿಂತ ಸುತ್ತ 5 ಸೆಂ.ಮೀ. ಹೆಚ್ಚು ಬಿಡಿ. ಹಿಡಿಕೆಯ ಗುಳಿಯಂಥ ಸಣ್ಣ ತುಂಡಾದರೆ ಕಾಗದದಲ್ಲಿ ಅಚ್ಚು ತೆಗೆದು ಅದರಂತೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ.

ಕೈ ಬೆರಳನ್ನೂ ಜಾರು ನೀರಿನಲ್ಲಿ ಅದ್ದಿಕೊಳ್ಳಿ. ಒಣ ಬೆರಳು ಅಂಟಿಗೆ ತಾಗಿದರೆ ಗುರುತು ಹಾಗೇ ಉಳಿಯುತ್ತದೆ. ಬಾನೆಟ್ ಮೇಲೆ ನೀರು ಹರಿಯುವಷ್ಟು ಸಿಂಪಡಿಸಿ. ಒಬ್ಬರು ಹಿಂಬದಿಯ ಹಾಳೆ ಬಿಡಿಸುತ್ತಿದ್ದಂತೆ ಇನ್ನೊಬ್ಬರು ಅಂಟಿನ ಮುಖಕ್ಕೆ ಸಿಂಪಡಿಸುತ್ತಾ ಹೋಗಲಿ. ಇಬ್ಬರೂ ಎರಡೆರಡು ಮೂಲೆ ಹಿಡಿದು, ತೊಟ್ಟಿಲ ಬಟ್ಟೆ ಇಳಿಬಿಟ್ಟಂತೆ ನಡುವೆ ಮೊದಲು ತಾಗುವ ಹಾಗೆ ಇಳಿಸಿ. ಈಗ ಫಿಲ್ಮ್ ತೇಲುತ್ತಿರಬೇಕು. ತೇಲುತ್ತಿಲ್ಲವೆಂದರೆ ನೀರು ಸಾಲಲಿಲ್ಲ, ಎತ್ತಿ ಮತ್ತೆ ಸಿಂಪಡಿಸಿ.

ಜಾಗ ಸರಿಹೋದ ಮೇಲೆ ಫಿಲ್ಮಿನ ಮೇಲೂ ನೀರು ಹಾಕಿ, ಮೆತ್ತನೆಯ ಸ್ಕ್ವೀಜಿಯಿಂದ (ನೀರು ಒತ್ತಿ ಹೊರಹಾಕುವ ರಬ್ಬರ್ ಪಟ್ಟಿ) ನಡುವಿನಿಂದ ಅಂಚಿಗೆ ಎಳೆಯಿರಿ. ಪ್ರತಿ ಎಳೆತ ಹಿಂದಿನದರ ಅರ್ಧದ ಮೇಲೆ ಬರಲಿ. ಶುರುಮಾಡಿದ ಎಳೆತವನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಅಡ್ಡಗೆರೆ ಬೀಳುತ್ತದೆ. ಅಂಚಿಗೆ ಬಂದಾಗ ಎರಡನೆಯ ಬಾಟಲಿಯಿಂದ ಫಿಲ್ಮಿನ ಕೆಳಗೆ ಸಿಂಪಡಿಸಿ, ಅರ್ಧ ನಿಮಿಷ ಬಿಟ್ಟು ಒತ್ತಿ. ಮೂಲೆಯ ಬಾಗಿನಲ್ಲಿ ಮಡಿಕೆ ಬಿದ್ದರೆ ಹಗುರವಾಗಿ ಬಿಸಿ ಮಾಡಿ ಸ್ವಲ್ಪವೇ ಎಳೆಯಿರಿ. ಜೋರಾಗಿ ಎಳೆದ ಫಿಲ್ಮ್ ಒಂದೆರಡು ದಿನದಲ್ಲಿ ತನ್ನ ಅಳತೆಗೆ ಮರಳಲು ಹೋಗಿ ಅಂಚು ಬಿಡುತ್ತದೆ.

ಹೆಚ್ಚಿನದನ್ನು ಬಣ್ಣದ ಮೇಲಿಟ್ಟು ಬ್ಲೇಡಿನಿಂದ ಕೊಯ್ಯಬೇಡಿ. ಕೈ ಚೂರು ಭಾರವಾದರೂ ಕ್ಲಿಯರ್ ಕೋಟ್ ಸೀಳಿ ಮುಂದೆ ಅಲ್ಲೇ ತುಕ್ಕು ಹಿಡಿಯುತ್ತದೆ. ಅಂಚಿನಾಚೆಗೆ ಗಾಳಿಯಲ್ಲಿ ಫಿಲ್ಮ್ ಹಿಡಿದು ಕೊಯ್ದು, ಉಳಿದ 4-5 ಮಿ.ಮೀ. ಒಳಕ್ಕೆ ಮಡಿಚಿ ಬಿಸಿ ಮಾಡಿ ಒತ್ತಿ.

ತಪ್ಪು ಕಂಡಾಗ

ಒಂದು ಕಣ ಸಿಕ್ಕಿಬಿದ್ದರೆ ಹತ್ತಿರದ ಅಂಚಿನಿಂದ ನಿಧಾನಕ್ಕೆ ಎತ್ತಿ, ಎರಡೂ ಕಡೆ ಸಿಂಪಡಿಸಿ ಕಣ ಹರಿದುಹೋಗಲು ಬಿಡಿ. ಒಣಗಿದ ಮೇಲೆ ಎತ್ತಿದರೆ ಅಂಟು ಎಳೆದ ಗೆರೆ ಕಾಣುತ್ತದೆ. ಹಾಲಿನಂಥ ಮಂಕು, ಸಣ್ಣ ನೀರಿನ ಗುಳ್ಳೆಗಳಿಗೆ ಹೆದರಬೇಡಿ, ಒಂದೆರಡು ವಾರದಲ್ಲಿ ನೀರು ಫಿಲ್ಮಿನ ಮೂಲಕವೇ ಆವಿಯಾಗುತ್ತದೆ. ಒತ್ತಿದರೆ ಸರಿಯುವುದು ನೀರು, ಒತ್ತಿದಲ್ಲೇ ಪುಟಿಯುವುದು ಗಾಳಿ. ಗಾಳಿಯ ಗುಳ್ಳೆಯನ್ನು ಅಂದೇ ಅಂಚಿಗೆ ಎಳೆದು ಹೊರಹಾಕಿ.

ಮೊದಲ ದಿನ ಕಾರು ಹೊರತೆಗೆಯದಿರಿ, ಏಳು ದಿನ ತೊಳೆಯದಿರಿ. ಆಮೇಲೆ ಪ್ರೆಶರ್ ಪಂಪಿನ ನಳಿಕೆ 30 ಸೆಂ.ಮೀ.ಗಿಂತ ದೂರವಿರಲಿ, ಫಿಲ್ಮಿನ ಅಂಚಿಗೆ ಗುರಿಯಿಡುವುದು ಬೇಡ. ಹಕ್ಕಿಯ ಹಿಕ್ಕೆ ಬಿದ್ದರೆ ನೆನೆಸಿ ಅದೇ ದಿನ ತೆಗೆಯಿರಿ, ಬಿಸಿಲಿಗೆ ಬೆಂದರೆ ಫಿಲ್ಮಿನಲ್ಲೂ ಕಲೆ ಇಳಿಯುತ್ತದೆ. ಗಂಗಾವತಿ, ಸಿಂಧನೂರಿನ ಕಡೆ ನಾಟಿಯ ಹೊತ್ತಿಗೆ ಟ್ರ್ಯಾಕ್ಟರ್ ಚಕ್ರಗಳು ರಸ್ತೆಗೆ ತರುವ ಕಪ್ಪುಮಣ್ಣು ಬಾಗಿಲ ಕೆಳಗಿನ ಫಿಲ್ಮಿನ ಅಂಚಿನಲ್ಲಿ ಕೂತು ಒಣಗುತ್ತದೆ. ಅದನ್ನು ಉಗುರಿನಿಂದ ಕೆರೆಯದೆ ನೆನೆಸಿ ಮೃದು ಬ್ರಷ್ ಆಡಿಸಿ. ವರ್ಷಗಳು ಕಳೆದು ಫಿಲ್ಮ್ ಹಳದಿಗಿಳಿದಾಗ ಕೀಳುವುದೂ ಹೀಗೇ ನಿಧಾನದ ಕೆಲಸ: ತಗಡನ್ನು ಬೆಚ್ಚಗೆ ಮಾಡಿ, ಫಿಲ್ಮನ್ನು ನೇರ ಮೇಲಕ್ಕೆತ್ತದೆ ತಗಡಿಗೆ ಒರಗಿದಂತೆ ಹಿಂದಕ್ಕೆಳೆಯುತ್ತಾ, ಅಂಗೈ ಅಗಲದಷ್ಟೇ ಒಂದೊಂದು ಸಲ.