ಕೋಳಿಯ ಗಾತ್ರದ ಗುಟ್ಟನ್ನು ಡಿಎನ್‌ಎಯಲ್ಲಿ ಹುಡುಕುವುದು ಹೇಗೆ?

ಒಂದೇ ದಿನ ಹುಟ್ಟಿದ ಮರಿಗಳು, ಒಂದೇ ಫೀಡ್. ಆದರೂ ಎಂಟು ವಾರಕ್ಕೆ ಒಂದು ಭರ್ತಿ ಬೆಳೆದಿರುತ್ತದೆ, ಇನ್ನೊಂದು ಅದರ ಅರ್ಧವೂ ಇರುವುದಿಲ್ಲ. ಈ ವ್ಯತ್ಯಾಸಕ್ಕೆ ಡಿಎನ್‌ಎಯ ಯಾವ ಜಾಗ ಕಾರಣ ಅಂತ ಪತ್ತೆ ಮಾಡಬಹುದು. ಆದರೆ ಲ್ಯಾಬ್‌ಗಿಂತ ಮೊದಲು ಕೋಳಿಮನೆಯ ಕೆಲಸ ಸರಿಯಾಗಬೇಕು.

1. ತಳಿ ಆರಿಸಿ. ಅಮೆರಿಕದ ವರ್ಜೀನಿಯಾದಲ್ಲಿ ವಿಜ್ಞಾನಿ ಪಾಲ್ ಸೀಗೆಲ್ 1957ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ವೈಟ್ ಪ್ಲಿಮತ್ ರಾಕ್ ಕೋಳಿಗಳಲ್ಲಿ 56ನೇ ದಿನಕ್ಕೆ ತೂಕ ಜಾಸ್ತಿ ಇದ್ದವನ್ನು ಒಂದು ಸಾಲಿಗೆ (ವಂಶಕ್ಕೆ), ಕಡಿಮೆ ಇದ್ದವನ್ನು ಇನ್ನೊಂದು ಸಾಲಿಗೆ ಆರಿಸುತ್ತಾ ಹೋದರು. 40 ತಲೆಮಾರು ದಾಟುವಷ್ಟರಲ್ಲಿ ಎರಡರ ನಡುವೆ 8-9 ಪಟ್ಟು ಅಂತರ! ಕಡಿಮೆ ತೂಕದ ಸಾಲಿನ ಕೆಲವು ಮರಿಗಳಿಗೆ ತಿನ್ನುವ ಆಸೆಯೇ ಇರಲಿಲ್ಲ. ಇಂಥ ಎರಡು ಸಾಲುಗಳನ್ನು ಕೂಡಿಸಿ, ಹುಟ್ಟಿದ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಬೇಕು. ಮೊಮ್ಮಕ್ಕಳ ತಲೆಮಾರಿನಲ್ಲಿ ಎರಡೂ ಕಡೆಯ ಡಿಎನ್‌ಎ ಚೆನ್ನಾಗಿ ಬೆರೆತಿರುತ್ತದೆ. ಹುಡುಕಾಟ ಅಲ್ಲಿ.

2. ಅಳೆಯಿರಿ. ಪ್ರತಿ ಮರಿಯ ರೆಕ್ಕೆಗೆ ನಂಬರ್ ಪಟ್ಟಿ ಹಾಕಿ. ನಿಗದಿತ ವಯಸ್ಸಿನಲ್ಲಿ, ಬೆಳಿಗ್ಗೆ ಫೀಡ್ ಹಾಕುವ ಮೊದಲೇ ತೂಗಿ. ಕೊರಳ ಬುಡದ ಚೀಲ ತುಂಬಿದ್ದರೆ ಕಾಳಿನ ತೂಕವೂ ಕೋಳಿಯ ಲೆಕ್ಕಕ್ಕೆ ಸೇರುತ್ತದೆ. ಪಾದದ ಮೇಲಿನ, ಗರಿಯಿಲ್ಲದ ಕಾಲಿನ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹುಂಜವೋ ಹೇಂಟೆಯೋ ಬರೆದಿಡಿ, ಯಾಕೆಂದರೆ ಹುಂಜ ಹೇಗೂ ಜಾಸ್ತಿ ತೂಗುತ್ತದೆ.

3. ರಕ್ತ ತೆಗೆಯಿರಿ. ರೆಕ್ಕೆಯ ಒಳಬದಿಯ ರಕ್ತನಾಳದಿಂದ ಸ್ವಲ್ಪವೇ ಸಾಕು. ನಮ್ಮ ಕೆಂಪು ರಕ್ತಕಣದಲ್ಲಿ ಡಿಎನ್‌ಎ ಇರುವ ಕೇಂದ್ರ ಇರುವುದಿಲ್ಲ, ಕೋಳಿಯದ್ದರಲ್ಲಿ ಇರುತ್ತದೆ. ಹಾಗಾಗಿ ಒಂದೇ ಹನಿಯಲ್ಲಿ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ.

4. ಚಿಪ್‌ನಲ್ಲಿ, ಅಂದರೆ ಡಿಎನ್‌ಎ ಓದುವ ಲ್ಯಾಬ್‌ನ ಸಣ್ಣ ಫಲಕದಲ್ಲಿ, ಓದಿಸಿ. ಕೋಳಿಯ ಡಿಎನ್‌ಎಯಲ್ಲಿ ಸುಮಾರು 100 ಕೋಟಿ ಅಕ್ಷರಗಳಿವೆ. ಕಾಡುಕೋಳಿಯದ್ದನ್ನು ಓದಿ 2004ರಲ್ಲೇ ಪ್ರಕಟಿಸಿದ್ದಾರೆ. ಚಿಪ್ ಅದರಲ್ಲಿ ಕೋಳಿಯಿಂದ ಕೋಳಿಗೆ ಬದಲಾಗುವ, ಚಿಪ್‌ನ ಬಗೆಗೆ ತಕ್ಕಂತೆ ಸುಮಾರು 60 ಸಾವಿರ ಅಥವಾ 6 ಲಕ್ಷ ಜಾಗಗಳನ್ನು ಮಾತ್ರ ನೋಡುತ್ತದೆ. ಇವೇ ಮಾರ್ಕರ್‌ಗಳು. ಸರಿಯಾಗಿ ಓದಲಾಗದವನ್ನು ಕೈಬಿಡಿ.

5. ತಾಳೆ ನೋಡಿ. ಪ್ರತಿ ಮಾರ್ಕರ್‌ಗೂ ಒಂದೇ ಪ್ರಶ್ನೆ: ಈ ಅಕ್ಷರ ಇರುವ ಕೋಳಿಗಳ ತೂಕ ನಿಜಕ್ಕೂ ಜಾಸ್ತಿಯಾ? 50 ಸಾವಿರ ಮಾರ್ಕರ್‌ಗಳನ್ನು ನೂರಕ್ಕೆ ಐದು ತಪ್ಪಾಗಬಹುದು ಅನ್ನುವ ಲೆಕ್ಕದಲ್ಲಿ ಪರೀಕ್ಷಿಸಿದರೆ 2,500 ಸುಮ್ನೆ ಆಕಸ್ಮಿಕವಾಗಿ ಪಾಸಾಗಬಹುದು. ಆದ್ದರಿಂದ ಗಡಿಯನ್ನು 10 ಲಕ್ಷಕ್ಕೆ ಒಂದರ ಹತ್ತಿರ ಇಡಬೇಕು. ನಾಟಿ ಕೋಳಿಯನ್ನೂ ಗಿರಿರಾಜವನ್ನೂ ಒಂದೇ ಗುಂಪಿಗೆ ಹಾಕಿದರೆ ಇನ್ನೊಂದು ತೊಂದರೆ. ಆ ತಳಿಗಳ ನಡುವಿನ ಯಾವುದೇ ವ್ಯತ್ಯಾಸವೂ ತೂಕದ ಮಾರ್ಕರ್‌ನಂತೆ ಕಾಣಿಸಬಹುದು. ಪ್ಲಿಂಕ್, ಜೆಮ್ಮಾದಂಥ ಉಚಿತ ಸಾಫ್ಟ್‌ವೇರ್‌ಗಳಲ್ಲಿ ತಳಿ ಮತ್ತು ನೆಂಟಸ್ತನದ ಲೆಕ್ಕ ಸರಿದೂಗಿಸಬಹುದು. ಇದನ್ನು ಬಿಟ್ಟ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

6. ಜೀನ್ ಹುಡುಕಿ. ಮಾರ್ಕರ್ ಸಿಕ್ಕಿತು ಅಂದರೆ ಜೀನ್ ಸಿಕ್ಕಿತು ಅಂತಲ್ಲ. ಅಕ್ಕಪಕ್ಕದ ಡಿಎನ್‌ಎ ಒಟ್ಟಿಗೇ ಮರಿಗಳಿಗೆ ಹೋಗುತ್ತದೆ, ಅಸಲಿ ಕಾರಣ ಪಕ್ಕದಲ್ಲೆಲ್ಲೋ ಇರಬಹುದು. ಕೋಳಿಯ ತೂಕದ ಹುಡುಕಾಟದಲ್ಲಿ 1ನೇ ಮತ್ತು 4ನೇ ಕ್ರೋಮೋಸೋಮ್‌ಗಳು (ಡಿಎನ್‌ಎಯ ಕಟ್ಟುಗಳು) ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಕುಳ್ಳ ಕೋಳಿಗಳ ಒಂದು ಬಗೆಯಲ್ಲಂತೂ ಕಾರಣ ಸ್ಪಷ್ಟ: ಝಡ್ ಕ್ರೋಮೋಸೋಮ್‌ನಲ್ಲಿ (ಗಂಡು-ಹೆಣ್ಣು ನಿರ್ಧರಿಸುವ ಕ್ರೋಮೋಸೋಮ್‌ಗಳಲ್ಲಿ ಒಂದು), ಬೆಳವಣಿಗೆ ಹಾರ್ಮೋನನ್ನು ಹಿಡಿಯುವ ಪ್ರೋಟೀನಿನ ಜೀನ್ ಕೆಟ್ಟಿರುತ್ತದೆ. ವರ್ಜೀನಿಯಾದ ಕೋಳಿಗಳಲ್ಲಿ ಹಾಗಿಲ್ಲ. ಅಲ್ಲಿ ಸಿಕ್ಕಿದ್ದು ಹತ್ತಾರು ಸಣ್ಣ ಜಾಗಗಳು, ಕೆಲವಂತೂ ಬೇರೆ ಜಾಗಗಳ ಜೊತೆಗಿದ್ದಾಗಲೇ ಜೋರಾಗಿ ಕೆಲಸ ಮಾಡುತ್ತವೆ. ಹಾಗಾಗಿ ನಿಮಗೆ ಸಿಕ್ಕ ಮಾರ್ಕರ್ ಬಳಸಿ ಮರಿ ಆರಿಸುವ ಮೊದಲು, ಸಂಬಂಧವಿಲ್ಲದ ಇನ್ನೊಂದು ಹಿಂಡಿನಲ್ಲೂ ಅದನ್ನು ಪರೀಕ್ಷಿಸಿ.